ಮಾದೇವಿಗಾಗಿ ಸಿಂಗಾಪುರದಲ್ಲಿ ಮಾಡಿದ ಚೌಕಾಸಿ

ಅಂಕೋಲೆ

ಸಿಂಗಾಪುರಕ್ಕೆ ಹೋಗಿಬಂದೆ ಎಂದರೆ ಅಂಗಡಿಗೆ ಬಂದವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ರಸ್ತೆಯಲ್ಲಿ ಉಗುಳಿದರೆ ಹಿಡಿಯುತ್ತಾರಂತೆ, ಹೌದೋ? ಬಂಗಾರ ಅಲ್ಲಿ ಅಗ್ಗವೋ? ಮೊದಲನೆಯದಕ್ಕೆ ಉತ್ತರ: ನಾನು ಉಗುಳಿ ನೋಡಲಿಲ್ಲ. ಎರಡನೆಯದಕ್ಕೆ: ಬಂಗಾರ ಕೊಳ್ಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಇವೆರಡನ್ನೂ ಇಲ್ಲಿಗೇ ಮುಗಿಸಿ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಅಂಕೋಲೆ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಹುಟ್ಟಿದ್ದು ಶೆಟಗೇರಿಯಲ್ಲಿ. ಮದುವೆಯಾದ ಹೊಸತರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುತ್ತ ಮನೆಮನೆ ತಿರುಗಿದವಳು ನಾನು. ಒಂದು ಹಳೆ ಸೀರೆಗೆ ಲೋಟ ಕೊಡಬೇಕೋ ತಟ್ಟೆ ಕೊಡಬೇಕೋ ಎಂದು ಅಂಗಳದಲ್ಲಿ ಕೂತು ಅರ್ಧ ದಿನ ಎಳೆದಾಡಿದ್ದಿದೆ. ಚೌಕಾಸಿ ನನಗೆ ಯಾರೂ ಕಲಿಸಲಿಲ್ಲ, ಹೊಟ್ಟೆ ಕಲಿಸಿತು. ಅದಕ್ಕೇ ಈಗಲೂ ಯಾರಾದರೂ ಹೇಳಿದ ಬೆಲೆಗೆ ತಲೆ ಆಡಿಸಿ ಕೊಂಡುಬಂದರೆ ನನಗೆ ತಡೆಯಲಾಗುವುದಿಲ್ಲ, ಕರೆದು ಬುದ್ಧಿ ಹೇಳುತ್ತೇನೆ.

ನಮ್ಮ ಮನೆಯ ಕೆಲಸಕ್ಕೆ ಬರುವವಳು ಭಾವಿಕೇರಿಯ ಮಾದೇವಿ. ಹದಿನೆಂಟು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಹಿತ್ತಿಲ ಬಾಗಿಲಲ್ಲಿ ಅವಳ ಬಳೆ ಸದ್ದಾದರೆ ನಮ್ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಪಾತ್ರೆ, ಬಟ್ಟೆ, ನೆಲ, ಮೀನು, ಕಾಯಿ ತುರಿಯುವುದು ಎಲ್ಲ ಅವಳದೇ. ನಮ್ಮ ನಂತರ ಇನ್ನೆರಡು ಮನೆಗೂ ಹೋಗುತ್ತಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇರುವ ಒಬ್ಬಳೇ ಮಗಳು ಗಿರಿಜೆ ಮಲ್ಲಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಹೀಗಿರುವಾಗ ನನ್ನ ತಮ್ಮನ ಮಗಳು ಸ್ಮಿತಾ ಸಿಂಗಾಪುರದಿಂದ ಫೋನು ಮಾಡಿದಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಂದು ಕೂಸು.

"ಅತ್ತೆ, ಎರಡು ವಾರ ಬಂದು ಇದ್ದು ಹೋಗಿ. ಬರುವಾಗ ಮಾದೇವೀನೂ ಕರ್ಕೊಂಡು ಬನ್ನಿ. ಅವಳಿಗೆ ಊರು ಮನೆ ಎಲ್ಲ ಕಾಣಲಿ. ಮನಸ್ಸು ಬಂದ್ರೆ ಆಮೇಲೆ ಕಾಗದಪತ್ರ ಮಾಡಿಸಿ ಇಲ್ಲೇ ಕೆಲಸಕ್ಕೆ ಇಟ್ಕೊಳ್ತೇನೆ. ನಮ್ಮ ಮಾತು ಆಡುವವರು ಒಬ್ರು ಬೇಕು."

ಹದಿನೆಂಟು ವರ್ಷದ ಕೈಯನ್ನು ಫೋನಿನಲ್ಲೇ ಕೇಳುತ್ತಿದ್ದಾಳೆ. ಬೇಡ ಎನ್ನುವ ಹಾಗಿಲ್ಲ, ತಮ್ಮನ ಮಗಳು. ಆಗಲಿ ಎನ್ನುವ ಹಾಗೂ ಇಲ್ಲ, ನನ್ನ ಮಂಡಿ ಬಗ್ಗುವುದಿಲ್ಲ. ಮಾದೇವಿಯನ್ನು ಕೇಳಿದೆ.

"ಕಂಡ್ಕಂಡು ಬರೂಕೆ ಎಂತಾ ಆಗ್ಬೇಕು ಅಮ್ಮ," ಎಂದಳು. "ಕಂಡ್ರೆ ಕೂಡ್ಲೆ ಉಳಿಬೇಕು ಅಂತ ಇಲ್ಲ ಅಲ್ದಾ."

ಆ ಮಾತಿನಲ್ಲಿ ಆಗುವುದೂ ಇತ್ತು, ಆಗದಿರುವುದೂ ಇತ್ತು. ವ್ಯಾಪಾರದಲ್ಲಿ ನನಗೆ ಅತ್ಯಂತ ಕಷ್ಟ ಕೊಡುವ ಗಿರಾಕಿ ಇಂಥವರೇ.

ವಿಮಾನ

ಪ್ರಯಾಣ ಹೊರಡುವವರಿಗೆ ನನ್ನ ಮೊದಲ ಸಲಹೆ, ಕಾಗದಪತ್ರವೆಲ್ಲ ಒಂದೇ ಚೀಲದಲ್ಲಿ ಇರಲಿ, ಚೀಲ ಒಬ್ಬರದೇ ಹೆಗಲಲ್ಲಿ ಇರಲಿ. ನನ್ನದು, ಮಾದೇವಿಯದು, ಎರಡೂ ಪಾಸ್‌ಪೋರ್ಟನ್ನು ನಾನೇ ಕೈಚೀಲದಲ್ಲಿ ಹಾಕಿ ಜಿಪ್ಪು ಎಳೆದು ಎದೆಗೆ ಒತ್ತಿಕೊಂಡಿದ್ದೆ. ಎಲ್ಲಿ ತೋರಿಸಬೇಕೋ ಅಲ್ಲಿ ತೆಗೆದು ತೋರಿಸುವುದು, ಮತ್ತೆ ಒಳಗೆ ಹಾಕುವುದು. ಮಾದೇವಿ ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ಬರುತ್ತಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೂರು ಸಲ ತಿರುಗಿ ನೋಡಿ, "ಬದೀಗೆ ಬಾ ಮಾರಾಯ್ತಿ, ಕಳ್ದು ಹೋದ್ರೆ ನಾ ಎಲ್ಲಿ ಹುಡ್ಕಲಿ," ಎಂದೆ. ಬದಿಗೆ ಬರುತ್ತಾಳೆ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಮತ್ತೆ ಹಿಂದೆ.

ವಿಮಾನದಲ್ಲಿ ಹಗಲೂಟ ಬಂತು. ನಾನು ಒಂದೊಂದೇ ಡಬ್ಬಿ ಬಿಚ್ಚಿ, ಚಮಚ ತಿರುಗಿಸಿ ಅದರ ದಪ್ಪ ನೋಡಿ, ಸಾವಕಾಶ ಉಂಡೆ. ಅವರು ಕೊಟ್ಟ ಒದ್ದೆ ಕಾಗದದಿಂದ ಬೆರಳು ಒರೆಸಿಕೊಂಡು ಹಾಗೇ ನಿದ್ದೆ ಹೋದೆ. ಎದ್ದು ನೋಡುತ್ತೇನೆ, ಮಾದೇವಿಯ ಮುಂದೆ ತಟ್ಟೆ ಇಲ್ಲ.

"ಊಟ ಹೇಂಗಿತ್ತೆ?"

"ನಾ ಉಣ್ಲಿಲ್ರ."

"ಎಂತಕ್ಕೆ?"

"ನೀವ್ ಕೈ ತೊಳೂಕೆ ಏಳ್ಲಿಲ್ಲ ಅಲ್ಲಾ. ಆ ಹುಡ್ಗಿ ಬಂದು ಎಂತದೋ ಕೇಳ್ತು. ನಾ ತಲೆ ಆಡಿಸ್ದೆ. ತಕಂಡು ಹೋಯ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಮನೆಯಲ್ಲಿ ನಾನೂ ನಮ್ಮನೆಯವರೂ ಉಂಡು ಎದ್ದು ಕೈ ತೊಳೆದ ಮೇಲೆ ಅವಳು ಹಿಂದಿನ ಜಗುಲಿಯಲ್ಲಿ ಉಣ್ಣುತ್ತಾಳೆ. ಹಾಗೆ ಮಾಡು ಎಂದು ನಾನು ಎಂದೂ ಹೇಳಿದ್ದಿಲ್ಲ, ಬೇಡ ಎಂದೂ ಹೇಳಿದ್ದಿಲ್ಲ. ಬಚ್ಚಲಿನ ನೀರಿನ ಸದ್ದು ಕೇಳಿದರೆ ಅವಳ ಊಟದ ಹೊತ್ತಾಯಿತು ಎಂದು ಲೆಕ್ಕ. ವಿಮಾನದಲ್ಲಿ ಯಾರು ಏಳುತ್ತಾರೆ, ಯಾರು ಕೈ ತೊಳೆಯುತ್ತಾರೆ? ಅಷ್ಟು ಹೊತ್ತು ಅನ್ನ ಎದುರಿಗೆ ಇಟ್ಟುಕೊಂಡು, ಕೈ ಮಡಿಲಲ್ಲಿಟ್ಟು, ನನ್ನ ನಿದ್ದೆ ಕಾದಿದ್ದಾಳೆ.

ಗಗನಸಖಿಯನ್ನು ಕರೆದು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಜಗಳವಾಡಿ ಎರಡು ಬನ್ನು, ಒಂದು ಬೆಣ್ಣೆ, ಒಂದು ಹಣ್ಣಿನ ರಸ ಕೊಡಿಸಿದೆ. ಮಾದೇವಿ ಕಿಟಕಿಯ ಕಡೆ ಮುಖ ಮಾಡಿ ತಿಂದಳು.

ಹನ್ನೊಂದನೇ ಮಹಡಿ

ಸ್ಮಿತಾಳ ಮನೆ ಹನ್ನೊಂದನೇ ಮಹಡಿಯಲ್ಲಿ. ಕಿಟಕಿಯ ಹೊರಗೆ ಬಿದಿರಿನ ಗಳ ಚಾಚಿ ಅದಕ್ಕೆ ಬಟ್ಟೆ ಒಣಹಾಕುತ್ತಾರೆ. ಎದುರಿನ ಕಟ್ಟಡದ ತುಂಬ ಅಂಗಿ, ಲಂಗ, ಟವೆಲ್ಲು ಬಾವುಟದಂತೆ ಹಾರುತ್ತಿದ್ದವು. ನಮ್ಮಲ್ಲಿ ಹೊಸ ಮನೆ ಕಟ್ಟಿಸಿದವರು ಬಟ್ಟೆ ಎದುರಿಗೆ ಕಾಣಬಾರದು ಎಂದು ಹಿತ್ತಿಲಿಗೆ ತಂತಿ ಕಟ್ಟುತ್ತಾರೆ. ಇಷ್ಟು ಸಿರಿವಂತ ಊರಿಗೆ ಆ ನಾಚಿಕೆ ಇಲ್ಲ. ನನಗೆ ಅದು ಹಿಡಿಸಿತು.

ಮಾದೇವಿ ಬಂದ ಘಳಿಗೆಯಲ್ಲೇ ಅಡಿಗೆಮನೆ ಹೊಕ್ಕಳು. ಸ್ಮಿತಾ ಅವಳ ಕೈ ಹಿಡಿದು ಹೊರಗೆ ಎಳೆದಳು.

"ನೀವು ಈಗ ನೆಂಟರು, ಮಾದೇವಿ. ಕೆಲಸ ಮಾಡೂದು ಬೇಡ. ನೋಡುಕೆ ಬಂದವರು ಕೆಲಸ ಮಾಡೂ ಹಾಗಿಲ್ಲ ಅಂತ ಇಲ್ಲಿ ಕಾನೂನು ಅದೆ."

"ಕಾನೂನಿಗೆ ಗೊತ್ತಾಗುಕೆ ನಾ ಎರಡು ಲೋಟ ತೊಳದ್ರೆ ಸದ್ದಾಗ್ತದಾ?" ಎಂದಳು ಮಾದೇವಿ.

ಎರಡು ದಿನ ಕಳೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಾದೇವಿ ಚಹಾ ಬೇಡ ಎನ್ನುತ್ತಿದ್ದಳು. ನೀರನ್ನು ಮಾತ್ರ ವಿಮಾನ ನಿಲ್ದಾಣದಲ್ಲಿ ಕೊಂಡ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿಕೊಂಡು ಕುಡಿಯುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವವಳು ಅವಳು. ಹೊಟ್ಟೆ ಸರಿಯಿಲ್ಲವೇನೋ ಎಂದು ಕೇಳಿದೆ. ದನಿ ಇಳಿಸಿದಳು.

"ಅಮ್ಮ, ಇಲ್ಲಿ ಎಲ್ಲಾ ಲೋಟನೂ ಒಂದೇ ನಮೂನಿ ಇದೆ. ನಂದು ಯಾವ್ದು ಅಂತ ಸ್ಮಿತಮ್ಮ ಹೇಳ್ಲಿಲ್ಲ. ಕೇಳುಕೂ ಒಂಥರಾ ಆಗ್ತದೆ."

ಪಾತ್ರೆ ವ್ಯಾಪಾರದವಳು ನಾನು. ಲೋಟದ ವಿಷಯದಲ್ಲಿ ಯಾರೂ ನನಗೆ ಏನೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅವಳ ಸ್ಟೀಲು ಲೋಟ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬದಿಗೆ ಬೋರಲು ಇರುತ್ತದೆ. ನಮ್ಮ ಅತ್ತೆಯ ಕಾಲದಿಂದ ಅಲ್ಲೇ ಇತ್ತು, ಅಲ್ಲೇ ಇದೆ. ನನ್ನ ಅಂಗಡಿಯ ಲೋಟವೇ, ಒಳ್ಳೆಯ ಲೋಟವೇ. ಆದರೆ ಹನ್ನೊಂದನೇ ಮಹಡಿಯಲ್ಲಿ ನಿಂತು ಆ ಕಲ್ಲನ್ನು ನೆನೆಸಿಕೊಂಡಾಗ ನನಗೆ ಹಿತವಾಗಲಿಲ್ಲ. ಕಪಾಟಿನಿಂದ ಒಂದು ಗಾಜಿನ ಲೋಟ ತೆಗೆದು, ಚಹಾ ತುಂಬಿಸಿ, ಅವಳ ಕೈಗಿಟ್ಟೆ. "ಯಾವುದಾದ್ರೂ ಆಗ್ತದೆ, ಕುಡಿ," ಎಂದೆ. ಒಂದು ಗುಟುಕು ಕುಡಿದು, "ಸಕ್ರೆ ಕಮ್ಮಿ," ಎಂದಳು.

ಎದುರು ಮನೆಯಲ್ಲಿ ಒಬ್ಬ ಚೀನೀ ಅಜ್ಜಿ. ಅವಳನ್ನು ನೋಡಿಕೊಳ್ಳಲು ಜಾವಾದಿಂದ ಬಂದ ಯಾತಿ ಎಂಬ ಹೆಂಗಸು, ಮಾದೇವಿಯ ವಯಸ್ಸಿನವಳೇ. ಇವರಿಬ್ಬರೂ ಹೇಗೆ ಗೆಳತಿಯರಾದರೋ ದೇವರಿಗೇ ಗೊತ್ತು. ಇವಳದು ಅಂಕೋಲೆ ಕನ್ನಡ, ಅವಳದು ಅವಳೂರ ಮಾತು. ಒಂದು ಮಧ್ಯಾಹ್ನ ನೋಡುತ್ತೇನೆ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಒಬ್ಬರ ಮಗಳನ್ನು ಒಬ್ಬರಿಗೆ ತೋರಿಸುತ್ತಿದ್ದಾರೆ. ಯಾತಿ ತಾನು ಮಲಗುವ ಕೋಣೆಯನ್ನೂ ಮಾದೇವಿಗೆ ತೋರಿಸಿದಳಂತೆ. ಆ ಕಟ್ಟಡದ ಪ್ರತಿ ಮನೆಯಲ್ಲೂ ಯುದ್ಧ ಬಂದರೆ ಅಡಗಲಿ ಎಂದು ಕಬ್ಬಿಣದ ಬಾಗಿಲಿನ ಒಂದು ಸಣ್ಣ ಕೋಣೆ ಕಟ್ಟಿಸಿದ್ದಾರೆ. ಕಿಟಕಿ ಇಲ್ಲ. ಬಹಳ ಮನೆಗಳಲ್ಲಿ ಕೆಲಸದವರು ಮಲಗುವುದು ಅಲ್ಲೇ.

"ನಮ್ಮ ಬದೀಗೆ ಕೋಳಿಗೂಡಿಗೂ ಜಾಲರಿ ಇರ್ತದೆ," ಎಂದು ಮಾದೇವಿ ನನಗೆ ಹೇಳಿದಳು. ಅದನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಮುಂದೆ ಉಪಯೋಗಕ್ಕೆ ಬರುವ ಮಾತು.

ಮೀನುಪೇಟೆ

ಊರು ಬಿಟ್ಟು ಐದು ದಿನಕ್ಕೆ ನಾಲಿಗೆ ಜಡವಾಯಿತು. ಸ್ಮಿತಾ ನಮ್ಮನ್ನು ಮೀನುಪೇಟೆಗೆ ಕರೆದೊಯ್ದಳು. ಅಂಥ ಚೊಕ್ಕಟ ಮೀನುಪೇಟೆ ನಾನು ಕಂಡಿಲ್ಲ. ಬಂಗಡೆ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿದ್ದವು. ಕಾರವಾರದ ಪೇಟೆಯ ಸದ್ದು ಮಾತ್ರ ಇಲ್ಲ. ಯಾರೂ ಯಾರನ್ನೂ ಬಯ್ಯುತ್ತಿಲ್ಲ, ಯಾರೂ ಕೈ ಹಿಡಿದು ಕೂರಿಸುತ್ತಿಲ್ಲ.

ನಾನು ಬೆಲೆ ಇಳಿಸಲು ಹೊರಟೆ. ಮೀನಿನವನು ನಕ್ಕು ತಲೆ ಅಲ್ಲಾಡಿಸಿದ. ನಾನು ಹೋಗುವವಳ ಹಾಗೆ ಮಾಡಿದೆ. ಅವನು ಹೋಗಲು ಬಿಟ್ಟ. ನಲವತ್ತು ವರ್ಷದಲ್ಲಿ ನನಗೆ ಹೀಗೆ ಆದದ್ದಿಲ್ಲ. ಅಷ್ಟರಲ್ಲಿ ಮಾದೇವಿ ಮುಂದೆ ಬಂದು, ಏನೂ ಮಾತಾಡದೆ, ಒಂದೊಂದೇ ಬಂಗಡೆಯ ಕಿವಿರು ಎತ್ತಿ ನೋಡಿ ಎಂಟನ್ನು ಆರಿಸಿದಳು. ಮೀನಿನವನು ಅವಳ ಕೈಯನ್ನೇ ನೋಡುತ್ತಿದ್ದ. ಕೊಡುವಾಗ ತಾನಾಗಿಯೇ ಒಂದು ಹಿಡಿ ಹಸಿಮೆಣಸು, ಕೊತ್ತಂಬರಿ, ಮೇಲೊಂದು ಬಂಗಡೆ ಚೀಲಕ್ಕೆ ಹಾಕಿ ಅವಳಿಗೆ ಕೈ ಮುಗಿದ ಹಾಗೆ ಮಾಡಿದ.

"ಕಂಡ್ರಾ, ಬಾಯಿ ಬಿಡ್ದೆ ಇದ್ರೂ ಸಿಕ್ತದೆ," ಎಂದಳು ಮಾದೇವಿ.

"ಮೊದ್ಲು ನಾ ಅಷ್ಟು ಬಾಯಿ ಬಿಟ್ಟದ್ದಕ್ಕೆ ನಿಂಗೆ ಸಿಕ್ತು," ಎಂದೆ ನಾನು. ಸ್ಮಿತಾ ನಡುವೆ ನಿಂತು ನಕ್ಕಳು. ಆ ದಿನದ ಬಂಗಡೆ ಹುಳಿಮೆಣಸಿನ ಸಾರಿನ ರುಚಿ ಬಹಳ ಚೆನ್ನಾಗಿತ್ತು. ಅಲ್ಲಿ ತಾಜಾ ಕಾಯಿತುರಿಯನ್ನು ಚೀಲದಲ್ಲಿ ತುಂಬಿ ಮಾರುತ್ತಾರೆ. ಅದನ್ನು ಕಂಡು ಮಾದೇವಿ, "ಹಂಗಾರೆ ಇಲ್ಲಿ ಹೆಂಗಸರ ಬೆನ್ನು ನೋಯೂದಿಲ್ಲ," ಎಂದಳು. ನಾನು ಅದನ್ನೂ ಕೇಳಿಸಿಕೊಂಡೆ. ಅವಳು ಈ ಊರನ್ನು ತೂಗುತ್ತಿದ್ದಾಳೆ ಎಂದು ನನಗೆ ಗೊತ್ತಾಗಿತ್ತು.

ಭಾನುವಾರ

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿತು. ತೆಗೆದರೆ ಯಾತಿ. ಮೊದಲು ಗುರುತೇ ಸಿಗಲಿಲ್ಲ. ಜೀನ್ಸು, ಹೂವಿನ ಅಂಗಿ, ತಲೆಗೆ ನೀಲಿ ರೇಶಿಮೆ ವಸ್ತ್ರ, ಅತ್ತರಿನ ಘಮ. ಮಾದೇವಿಯನ್ನು ಬಾ ಎಂದು ಕೈ ಮಾಡಿ ಕರೆದಳು. ಅವಳ ಹಿಂದೆ ಎದುರು ಮನೆಯ ಅಜ್ಜಿ, ನಡೆಯಲು ಆಸರೆಯ ಚಕ್ರದ ಗಾಡಿ ಹಿಡಿದುಕೊಂಡು, ತನ್ನ ಹೂಕುಂಡಗಳಿಗೆ ತಾನೇ ನೀರು ಹಾಕುತ್ತಿದ್ದಳು. ನೀರು ಅರ್ಧ ಕುಂಡಕ್ಕೆ, ಅರ್ಧ ನೆಲಕ್ಕೆ.

"ಸಂಡೇ. ನೋ ಯಾತಿ," ಎಂದಳು ಅಜ್ಜಿ ನನಗೆ. ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವ ಧಾಟಿಯಲ್ಲಿ.

ಮಂಡಿ ನೋವಿದ್ದರೂ ನಾನೂ ಹೊರಟೆ. ಮಾದೇವಿಯನ್ನು ಒಬ್ಬಳೇ ಕಳಿಸಲು ನನಗೆ ಧೈರ್ಯವಿರಲಿಲ್ಲ. ಅವಳು ಕಳೆದುಹೋದಾಳು ಎಂಬ ಹೆದರಿಕೆ ಅರ್ಧ, ಅಲ್ಲಿ ಅವಳು ಏನು ಕೇಳಿಸಿಕೊಂಡಾಳು ಎಂಬ ಹೆದರಿಕೆ ಅರ್ಧ.

ಒಂದು ದೊಡ್ಡ ಉದ್ಯಾನ. ಮರದಡಿಯಲ್ಲೆಲ್ಲ ಚಾಪೆ, ಚಾಪೆಯ ಮೇಲೆಲ್ಲ ಹೆಂಗಸರು. ಎಲ್ಲರೂ ಯಾರದೋ ಮನೆಯ ಕೆಲಸದವರು, ಎಲ್ಲರಿಗೂ ರಜೆ. ಒಬ್ಬಳು ಇನ್ನೊಬ್ಬಳ ಕೂದಲು ಕತ್ತರಿಸುತ್ತಿದ್ದಾಳೆ. ಒಬ್ಬಳು ಫೋನಿನಲ್ಲಿ ಮಗನಿಗೆ ಗದರಿಸುತ್ತಿದ್ದಾಳೆ. ನಾಲ್ವರು ಹಾಡು ಹಾಕಿ ಕುಣಿಯುತ್ತಿದ್ದಾರೆ. ಡಬ್ಬಿ ಬಿಚ್ಚಿ ಎಲ್ಲರೂ ಒಟ್ಟಿಗೆ ತಿನ್ನುತ್ತಿದ್ದಾರೆ, ಯಾರೂ ಯಾರಿಗೂ ಕಾಯುತ್ತಿಲ್ಲ. ಮಾದೇವಿ ಒಂದು ಚಾಪೆಯ ಅಂಚಿನಲ್ಲಿ ಕೂತಳು. ಐದು ನಿಮಿಷದಲ್ಲಿ ನಡುವಿಗೆ ಬಂದಿದ್ದಳು.

ಅಲ್ಲಿ ಸೆಲ್ವಿ ಎಂಬ ತಮಿಳು ಹೆಂಗಸಿದ್ದಳು. ಹಿಂದೆ ಬೆಂಗಳೂರಿನ ಮನೆಗಳಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಬರುತ್ತಿತ್ತು.

"ಇವರು ನಿಮಗೆ ಏನಾಗಬೇಕಮ್ಮ?" ಎಂದು ಮಾದೇವಿಯನ್ನು ತೋರಿಸಿ ನನ್ನನ್ನು ಕೇಳಿದಳು.

"ನಮ್ಮ ಮನೆಗೆ ಕೆಲಸಕ್ಕೆ ಬರ್ತಾಳೆ. ಹದಿನೆಂಟು ವರ್ಷ ಆಯ್ತು. ನಮ್ಮ ಮನೆಯವಳ ಹಾಗೇ."

ಸೆಲ್ವಿ ಪಕ್ಕದವರಿಗೆ ಅದನ್ನು ಅವರ ಮಾತಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಗೊತ್ತಿದ್ದ ಹಾಡು ಕೇಳಿದವರ ನಗೆ.

"ಬೇಜಾರು ಮಾಡ್ಕೋಬೇಡಿ. ನನ್ನ ಮೊದಲ ಮನೆ ಮೇಡಮ್ಮೂ ಹಾಗೇ ಹೇಳ್ತಿದ್ರು. ಮನೆಯವರಿಗೆ ರಜೆ ಕೊಡೋರು ಯಾರಮ್ಮ? ಕೆಲಸದವರು ಅಂದ್ರೇನೇ ರಜೆ ಸಿಗೋದು. ನಾನು ಕೆಲಸದವಳಾಗೇ ಇರ್ತೀನಿ, ಅದೇ ವಾಸಿ."

ನಾನು ಅವಳು ಕೊಟ್ಟ ಕರಿದ ಬಾಳೆಹಣ್ಣು ತಿನ್ನುತ್ತ ಕೂತೆ. ಎಲ್ಲರ ಕಷ್ಟವೂ ಮುಗಿದಿದೆ ಎಂದಲ್ಲ. ಒಬ್ಬಳಿಗೆ ತಿಂಗಳಿಗೆ ಒಂದೇ ರಜೆಯಂತೆ, ಒಬ್ಬಳ ಪಾಸ್‌ಪೋರ್ಟು ಮನೆಯ ಯಜಮಾನಿಯ ಬೀರುವಿನಲ್ಲಿದೆಯಂತೆ. ಸೆಲ್ವಿ ಅವಳನ್ನೇ ಗದರಿಸುತ್ತಿದ್ದಳು, ಕೇಳದೆ ಯಾರು ಕೊಡುತ್ತಾರೆ ಎಂದು. ಮಾದೇವಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ವಾಪಸು ಬರುವಾಗ ನನ್ನ ಬದಿಯಲ್ಲೇ ನಡೆದು ಬಂದು, ರೈಲಿನಲ್ಲೂ ಬದಿಯಲ್ಲೇ ಕೂತಳು.

ಊಟದ ಮೇಜು

ಹೊರಡಲು ಮೂರು ದಿನವಿರುವಾಗ ಸ್ಮಿತಾ ಮಾತು ತೆಗೆದಳು. ಊಟದ ಮೇಜಿನ ಸುತ್ತ ನಾವು ಮೂವರೇ. ಮಾದೇವಿ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡಿದ್ದಳು.

ನಾನು ಇಲ್ಲಿ ನಿಜ ಹೇಳಿಬಿಡುತ್ತೇನೆ. ಮಾದೇವಿ ಉಳಿಯುವುದು ನನಗೆ ಬೇಡವಾಗಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಕೆಟ್ಟವಳಾಗುತ್ತೇನೆ. ಇಂಥ ಹೊತ್ತಿಗೆ ವ್ಯಾಪಾರದಲ್ಲಿ ಒಂದು ದಾರಿಯಿದೆ. ಮಾರಲು ಮನಸ್ಸಿಲ್ಲದ ಸಾಮಾನಿಗೆ ಇಲ್ಲ ಎನ್ನಬಾರದು, ಕೊಳ್ಳಲಾಗದಷ್ಟು ಏರಿಸಬೇಕು. ಗಿರಾಕಿ ತಾನಾಗೇ ಎದ್ದು ಹೋಗುತ್ತಾನೆ, ಸ್ನೇಹವೂ ಉಳಿಯುತ್ತದೆ.

"ನೋಡು ಸ್ಮಿತಾ, ಸಂಬಳದ ಮಾತು ಆಮೇಲೆ, ಅದು ಸುಲಭ. ಮೊದ್ಲು ಬೇರೆ ವಿಷಯ ಆಗ್ಬೇಕು," ಎಂದೆ. "ಆ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಅವಳು ಮಲಗೂದಿಲ್ಲ. ಕಿಟಕಿ ಇದ್ದ ಕೋಣೆ ಬೇಕು."

ಸ್ಮಿತಾ ಸ್ವಲ್ಪ ಯೋಚಿಸಿದಳು. "ಕಂಪ್ಯೂಟರ್ ಇಟ್ಟ ಕೋಣೆ ಬಿಟ್ಟುಕೊಡ್ತೇನೆ."

"ಭಾನುವಾರ ಇಡೀ ದಿನ ರಜೆ. ಬೆಳಿಗ್ಗಿನ ಪಾತ್ರೆ ತೊಳೆದು ಹೋಗು, ಸಂಜೆ ಬಂದು ಅಡಿಗೆ ಮಾಡು, ಅದೆಲ್ಲ ನಡೆಯೂದಿಲ್ಲ."

"ಆಯ್ತು."

"ನೀವು ಉಣ್ಣೂ ಹೊತ್ತಿಗೆ ಅವಳೂ ಉಣ್ಬೇಕು. ಬಿಸಿ ಇದ್ದಾಗ."

"ಅದೆಂತಾ ಹೇಳೂದು ಅತ್ತೆ, ಉಣ್ಣಲಿ."

"ನಿನ್ನ ಗೆಳತಿ ಮನೆಯಲ್ಲಿ ಪಾರ್ಟಿ ಅಂತ ಅವಳನ್ನು ಅಲ್ಲಿಗೆ ಕಳಿಸೂ ಹಾಗಿಲ್ಲ. ಅವಳ ಪಾಸ್‌ಪೋರ್ಟು ಅವಳ ಹತ್ರಾನೇ ಇರ್ಬೇಕು. ಜ್ವರ ಬಂದ್ರೆ ಮಲಗುಕೆ ಬಿಡ್ಬೇಕು, ಮುಖ ದಪ್ಪ ಮಾಡ್ಕೊಂಡು ಅಲ್ಲ."

ಒಂದೊಂದಕ್ಕೂ ಸ್ಮಿತಾ ತಲೆ ಆಡಿಸುತ್ತ ಹೋದಳು. ಕೊನೆಗೆ ಒಂದು ಕಾಗದ ತಂದು ಎಲ್ಲವನ್ನೂ ಬರೆದುಕೊಂಡಳು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ವ್ಯಾಪಾರವನ್ನೂ ಕುದುರಿಸಿದ್ದಿಲ್ಲ, ಮತ್ತು ಯಾವ ವ್ಯಾಪಾರ ಕುದುರಿದ್ದಕ್ಕೂ ಅಷ್ಟು ಸಂಕಟಪಟ್ಟಿದ್ದಿಲ್ಲ. ಇದು ಹೊಸ ಕಾಲದ ಹುಡುಗಿ, ಏರಿಸಿದ ಬೆಲೆಗೆ ಹೆದರುವವಳಲ್ಲ ಎಂದು ನಾನು ಮೊದಲೇ ತಿಳಿಯಬೇಕಿತ್ತು.

"ನಿಮ್ಮದೆಂತಾ ಮಾತು, ಮಾದೇವಿ?" ಎಂದು ಸ್ಮಿತಾ ಕೇಳಿದಳು.

ಮಾದೇವಿ ನನ್ನ ಮುಖ ನೋಡಲಿಲ್ಲ. ಕೂಸಿನ ಕಾಲ್ಗೆಜ್ಜೆ ಸರಿಮಾಡುತ್ತ, "ಊರಿಗೆ ಹೋಗಿ ಹೇಳ್ತೆ ಸ್ಮಿತಮ್ಮ. ಆ ಕಾಗ್ದ ಮಾತ್ರ ಹರೀಬೇಡಿ," ಎಂದಳು.

ಕಾರವಾರದಿಂದ ಬಸ್ಸು

ನಿದ್ದೆಯಲ್ಲಿ ಅಂಕೋಲೆ ದಾಟಿಹೋಗಿ, ಬೆಂಗಳೂರಿನ ರೈಲು ಬೆಳಿಗ್ಗೆ ನಮ್ಮನ್ನು ಕಾರವಾರದಲ್ಲಿ ಇಳಿಸಿತು. ಸ್ಟ್ಯಾಂಡಿಗೆ ಬಂದು ಅಂಕೋಲೆಯ ಬಸ್ಸು ಹತ್ತಿದೆವು. ಬಿಣಗಾ ಘಟ್ಟ ಇಳಿಯುವಾಗ ಬಲಗಡೆ ಸಮುದ್ರ ಕಂಡಿತು. ಸಿಂಗಾಪುರದ ಸಮುದ್ರದಲ್ಲಿ ಹಡಗುಗಳು ಪೇಟೆಯ ರಿಕ್ಷಾಗಳ ಹಾಗೆ ನಿಂತಿರುತ್ತವೆ, ನೀರು ನೋಡಲು ಸಂದು ಹುಡುಕಬೇಕು. ನಮ್ಮದು ಖಾಲಿ ಇದೆ, ದೊಡ್ಡದಿದೆ. ಇಡೀ ಪ್ರವಾಸದಲ್ಲಿ ನನಗೆ ಊರು ನೆನಪಾದದ್ದು ಸಮುದ್ರ ಕಂಡಾಗಲೇ.

ಬಸ್ಸು ಅವರ್ಸೆಗೆ ಬಂತು. ಮಾದೇವಿ ನನ್ನೆದುರು ಕೈ ಚಾಚಿದಳು.

"ಅಮ್ಮ, ನನ್ ಪಾಸ್‌ಪೋರ್ಟ್ ಕೊಡಿ."

"ಮನೆಗೆ ಹೋಗಿ ಕೊಡ್ತೆ. ಇಲ್ಲಿ ಎಲ್ಲಾದ್ರೂ ಬಿದ್ದು ಹೋದ್ರೆ?"

"ಅವ್ಳ ಪಾಸ್‌ಪೋರ್ಟು ಅವ್ಳ ಹತ್ರಾನೇ ಇರ್ಬೇಕು ಅಂತ ನೀವೇ ಹೇಳದ್ದಲ್ದಾ, ಸ್ಮಿತಮ್ಮಂಗೆ?"

ಜಿಪ್ಪು ಎಳೆದು ತೆಗೆದುಕೊಟ್ಟೆ. ಅದನ್ನು ಅವಳು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾ ಅಲ್ಲಿಗೆ ಹೋಗೂದಿಲ್ಲ," ಎಂದಳು. ನನ್ನ ಉಸಿರು ಸಡಿಲವಾಗುವಷ್ಟರಲ್ಲಿ ಮುಂದುವರಿಸಿದಳು. "ನೀವ್ ನಂಗೋಸ್ಕರ ಅಲ್ಲಿ ಕೇಳದ್ದೆಲ್ಲ ಇಲ್ಲೇ ಬೇಕು. ನಿಮ್ಮನೇಲಿ. ಆಗೂದಿಲ್ಲ ಅಂದ್ರೆ ಸ್ಮಿತಮ್ಮಂಗೆ ಫೋನ್ ಹಾಕ್ತೆ. ಕಾಗ್ದ ಅವ್ರ ಹತ್ರ ಅದೆ."

ನಾನು ಕಿಟಕಿಯ ಹೊರಗೆ ನೋಡಿದೆ. ನನ್ನ ಬಾಯಿಂದಲೇ ಹೊರಟ ಒಂದೊಂದು ಮಾತೂ ನನ್ನ ಎದುರು ಬಂದು ಕೂತಿತ್ತು. ಆದರೂ ಅಭ್ಯಾಸ ಬಿಡಬೇಕಲ್ಲ.

"ರಜೆ ಕೊಡೂದಿಲ್ಲ ಅಂತ ಅಲ್ಲ. ಆದ್ರೆ ಭಾನುವಾರ ನೆಂಟ್ರು ಬರೂ ದಿನ. ಮಂಗಳವಾರ ತಕೋ."

"ಗಿರಿಜೆಗೆ ರಜೆ ಭಾನುವಾರ ಅಮ್ಮ. ಮಂಗಳವಾರ ನಾ ಮನೇಲಿ ಕೂತ್ಕಂಡು ಗೋಡೆ ನೋಡ್ಲಾ? ಅದು ಕೆಲಸಕ್ಕೆ ಸೇರಿ ನಾಕು ವರ್ಷಾಯ್ತು. ಹಗಲು ಬೆಳಕಲ್ಲಿ ನಾವಿಬ್ರೂ ಒಂದು ದಿನ ಕೂತ್ಕಂಡು ಉಂಡದ್ದಿಲ್ಲ."

"ಹಾಂಗಾರೆ ಎರಡು ವಾರಕ್ಕೊಮ್ಮೆ."

"ಎಲ್ಲಾ ಭಾನುವಾರನೂ."

"ಬೆಳಗಿನ ಪಾತ್ರೆ ಒಂದು ತೊಳ್ದು..."

"ಅದು ನಡೆಯೂದಿಲ್ಲ ಅಂತ ನೀವೇ ಹೇಳದ್ದು."

ಹಿಂದಿನ ಸೀಟಿನ ಮೀನು ಬುಟ್ಟಿಯ ಹೆಂಗಸು ಮುಂದೆ ಬಾಗಿ ಕೇಳುತ್ತಿದ್ದಳು. "ಒಪ್ಪಿ ಅಮ್ಮ, ಸಾಕು," ಎಂದು ಅವಳೂ ತೀರ್ಪು ಕೊಟ್ಟಳು.

ನಾನು ಒಪ್ಪಿದೆ. ಆಮೇಲೆ ಕೇಳಿದೆ, ಮತ್ತೇನಾದರೂ ಉಂಟೋ ಎಂದು. ಹಿತ್ತಿಲ ಬಾಗಿಲ ಬದಲು ಎದುರು ಬಾಗಿಲಿನಿಂದ ಬರುತ್ತೇನೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅದು ಅವಳಿಗೆ ಬೇಡವಂತೆ, ಭಾವಿಕೇರಿ ಕಡೆಯಿಂದ ಬಂದರೆ ಹಿತ್ತಿಲೇ ಹತ್ತಿರವಂತೆ.

"ಲೋಟ ಮಾತ್ರ ಆ ಕಲ್ಲಿನ ಬದೀಗೆ ಇಡೂದು ಬೇಡ," ಎಂದಳು. "ಕಾಗೆ ಕೂತ್ಕಂತದೆ."

ಹದಿನೆಂಟು ವರ್ಷದಲ್ಲಿ ನಾನು ಆ ಕಾಗೆಯನ್ನು ನೋಡಿರಲಿಲ್ಲ.

"ಉಳದ ಎರಡು ಮನೆಗೂ ನೀವೇ ಹೇಳಿ. ನಿಮಗೆ ಮಾತು ಬತ್ತದೆ," ಎಂದು ಸೇರಿಸಿ, ಅಂಕೋಲೆ ಬರುವ ತನಕ ನನ್ನ ಹೆಗಲಿಗೆ ತಲೆ ತಾಗುವಂತೆ ತೂಕಡಿಸಿದಳು.

ಮನೆ

ಆ ಎರಡು ಮನೆಯವರಿಗೂ ಹೇಳಿದೆ. ಒಬ್ಬಾಕೆ ಎರಡು ದಿನ ಮುಖ ತಿರುಗಿಸಿದಳು, ನಾನು ಊರಿನ ಕೆಲಸದವರನ್ನೆಲ್ಲ ಹಾಳು ಮಾಡುತ್ತಿದ್ದೇನೆ ಎಂದಳು. ನನ್ನ ಅಂಗಡಿಗೇ ಬಂದಾಗ ಕೂರಿಸಿ ಕೇಳಿದೆ, ನಿಮ್ಮ ಮಗನ ಆಫೀಸಿಗೆ ವಾರಕ್ಕೆ ಎಷ್ಟು ರಜೆ ಎಂದು. ಎರಡು ಎಂದಳು. ಮುಂದೆ ನಾನೇನೂ ಹೇಳಬೇಕಾಗಲಿಲ್ಲ. ಹೀಗೆ ಕೇಳುವುದು ಸುಲಭ, ಬೇಕಾದವರು ತಮ್ಮ ಊರಿನಲ್ಲೂ ಕೇಳಿ ನೋಡಬಹುದು.

ಮೊದಲ ಭಾನುವಾರ ಬಂತು. ಅದೇ ದಿನ ನಮ್ಮನೆಯವರ ಅಣ್ಣ ಅತ್ತಿಗೆ ಊಟಕ್ಕೆ ಬರುವವರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಪಾತ್ರೆಗೆ ನಿಂತೆ. ನಮ್ಮನೆಯವರಿಗೆ ಕಾಯಿ ತುರಿಯಲು ಕೊಟ್ಟೆ, ಅವರು ಬೆರಳು ಉಳಿಸಿಕೊಂಡು ಅರ್ಧ ಕಾಯಿ ತುರಿದರು. ನಲವತ್ತು ವರ್ಷ ಪಾತ್ರೆ ಮಾರಿದವಳು ಮೊದಲ ಬಾರಿ ಒಂದು ಸತ್ಯ ಕಂಡುಕೊಂಡೆ. ಬಾಯಿಯ ಅಂಚು ಒಳಗೆ ಮಡಚಿದ ಪಾತೇಲಿ ನೋಡಲು ಚೆಂದ, ಆದರೆ ಆ ಮಡಿಕೆಯೊಳಗೆ ಕೂತ ಅನ್ನದಗುಳು ಹೊರಗೆ ಬರಲು ಉಗುರು ಸವೆಯಬೇಕು. ನಾನು ಅಂಥವನ್ನು ಎಷ್ಟು ಹೊಗಳಿ ಎಷ್ಟು ಮನೆಗೆ ದಾಟಿಸಿದ್ದೇನೋ. ಈಗ ತರಿಸುವುದು ನಿಲ್ಲಿಸಿದ್ದೇನೆ.

ಹನ್ನೊಂದು ಗಂಟೆಯ ಹೊತ್ತಿಗೆ ಬೇಳೆ ಬೇಯಿಸಲು ಕುಕ್ಕರು ಇಟ್ಟರೆ, ಅದರ ಸೀಟಿ ಇಲ್ಲ. ಕಪಾಟು ನೋಡಿದೆ, ಚಮಚದ ಬುಟ್ಟಿ ನೋಡಿದೆ. ಎಲ್ಲಿಡುತ್ತಾಳೋ ಅವಳಿಗೇ ಗೊತ್ತು. ಒಂದು ಮಾತು ಕೇಳಿದರೆ ರಜೆ ಕೆಟ್ಟಂತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಫೋನು ಮಾಡಿದೆ. ಎತ್ತಿದ್ದು ಗಿರಿಜೆ, ಪಿಸುಗುಟ್ಟುವ ದನಿಯಲ್ಲಿ.

"ಅಮ್ಮ, ಅವ್ವಿ ಮನಿಕಂಡದೆ."

"ಈಗ? ಮೈ ಸರಿ ಇಲ್ವಾ?"

"ಇಲ್ಲ, ಮೈಗೆ ಎಂತಾ ಆಗ್ಲಿಲ್ಲ. ಬೆಳಗಿನ ಆಸ್ರಿ ಚಾ ಕುಡ್ದು, ಜಗಲೀಲಿ ಚಾಪೆ ಹಾಸ್ಕಂಡು ಮನಿಕಂಡದೆ. ಬಿಸ್ಲು ಕಾಲಿಗೆ ಬಂದ್ರೂ ಎಚ್ಚರಿಲ್ಲ. ಏಳಿಸ್ಲಾ?"

ಆಚೆಯಿಂದ ಒಂದು ಕೋಳಿಯ ಸದ್ದು, ಅದರ ಹಿಂದೆ ಸಣ್ಣಗೆ ಗೊರಕೆ. ಹದಿನೆಂಟು ವರ್ಷ ನನ್ನ ಮನೆಯಲ್ಲಿ ಓಡಾಡಿದವಳು ಹಗಲಲ್ಲಿ ಮಲಗಿದರೆ ಗೊರಕೆ ಹೊಡೆಯುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

"ಏಳಿಸ್ಬೇಡ," ಎಂದೆ ನಾನೂ ಪಿಸುದನಿಯಲ್ಲಿ. "ಚಾಪೆ ನೆರಳಿಗೆ ಎಳಿ."

ಫೋನು ಇಟ್ಟು, ಬೇಳೆಯನ್ನು ತೆರೆದ ಪಾತ್ರೆಗೆ ಸುರಿದು ಒಲೆಯ ಮೇಲೆ ಇಟ್ಟೆ. ಬೇಯಲು ಬಹಳ ಹೊತ್ತು ಹಿಡಿಯಿತು. ಬಂದ ನೆಂಟರು ಕಾದರು.